ಮಾರ್ಸೇಯ ತಾರಸಿ

ಫ್ರಾನ್ಸಿನ ಮಾರ್ಸೇಗೆ ಬಂದವರು ಸಾಮಾನ್ಯವಾಗಿ ಹಳೆಯ ಬಂದರಿನ ಕಡೆ ಹೊರಡುತ್ತಾರೆ. ನಾನು ದಕ್ಷಿಣಕ್ಕೆ ಹೋಗುವ ಬಸ್ಸು ಹತ್ತಿ ಮಿಶ್ಲೆ ಬುಲೆವಾರಿನಲ್ಲಿ ಇಳಿದೆ. ಮರಗಳ ಆಚೆ, ದಪ್ಪ ಕಾಂಕ್ರೀಟ್ ಕಾಲುಗಳ ಮೇಲೆ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ವಸತಿ ಕಟ್ಟಡ ‘ಯುನಿತೆ ದಬಿತಾಸಿಯೋಂ’ ನಿಂತಿತ್ತು. 18 ಅಂತಸ್ತು, 337 ಮನೆ. ಎರಡನೆಯ ಮಹಾಯುದ್ಧದ ನಂತರ ಮನೆಗಳ ಬರ ನೀಗಲೆಂದು ಸರ್ಕಾರವೇ ಕಟ್ಟಿಸಿದ್ದು. 1947ರಲ್ಲಿ ಶುರುವಾಗಿ 1952ರಲ್ಲಿ ಮುಗಿಯಿತು. ಊರವರು ಇದನ್ನು ಹುಚ್ಚನ ಮನೆ ಎಂದರು. ಕಾಲುಗಳನ್ನು ಮುಟ್ಟಿ ನೋಡಿದೆ. ಸೆಂಟ್ರಿಂಗ್ ಹಲಗೆಗಳ ಗೆರೆ, ಗಂಟು ಎಲ್ಲ ಕಾಂಕ್ರೀಟಿನಲ್ಲಿ ಹಾಗೇ ಮೂಡಿವೆ. ಗಿಲಾವು ಮಾಡಿ ಮುಚ್ಚಿಲ್ಲ.

ಲಿಫ್ಟಿನಿಂದ ಹೊರಬಂದರೆ ಉದ್ದಕ್ಕೂ ಮಬ್ಬುಗತ್ತಲೆಯ ಕಾರಿಡಾರು. ನನಗೆ ಹಿಡಿಸಲಿಲ್ಲ. ಆದರೆ ಗೈಡ್ ಒಂದು ಮನೆಯ ಬಾಗಿಲು ತೆರೆದಾಗ ಆ ಕತ್ತಲೆಗೆ ಪ್ರತಿಯಾಗಿ ಏನು ದಕ್ಕಿದೆ ಎಂದು ಕಂಡಿತು. ಇಲ್ಲಿ ಕಾರಿಡಾರು ಮೂರು ಅಂತಸ್ತಿಗೊಂದು. ಒಂದು ಮನೆ ಮೆಟ್ಟಿಲು ಹತ್ತಿ ಕಾರಿಡಾರಿನ ನೆತ್ತಿಯ ಮೇಲೆ ಹಾಯುತ್ತದೆ. ಎದುರು ಮನೆ ಮೆಟ್ಟಿಲಿಳಿದು ಅದರ ಅಡಿಯಲ್ಲಿ ಹಾಯುತ್ತದೆ. ಹೀಗೆ ಬಹುಪಾಲು ಮನೆಗಳಿಗೆ ಪೂರ್ವದ ಬೆಟ್ಟವೂ ಉಂಟು, ಪಶ್ಚಿಮದ ಸಮುದ್ರವೂ ಉಂಟು. ಮನೆಯ ಅಗಲ ಮೂರೂವರೆ ಮೀಟರಿಗೆ ತುಸು ಹೆಚ್ಚು ಅಷ್ಟೇ, ಆದರೂ ಉಸಿರು ಕಟ್ಟುವುದಿಲ್ಲ. ಗಾಳಿ ಈ ಬದಿಯಿಂದ ಆ ಬದಿಗೆ ನೇರ ಹೋಗುತ್ತದೆ. ಮಕ್ಕಳ ಎರಡು ಕೋಣೆಗಳ ನಡುವಿನ ಸರಿಸುವ ತಡಿಕೆಯೇ ಬರೆಯುವ ಕರಿಹಲಗೆ. ಚಳಿಗಾಳಿ ಮಿಸ್ಟ್ರಲ್ ಬೀಸುವ ಉತ್ತರಕ್ಕೆ ಮಾತ್ರ ಕಿಟಕಿಯಿಲ್ಲದ ಗೋಡೆ.

ಇದನ್ನು ನೋಡಿ ಆಮೇಲೆ ಕಟ್ಟಿದ ಎಷ್ಟೋ ವಸತಿ ಕಟ್ಟಡಗಳು ಎತ್ತರವನ್ನೂ ಬರಿಯ ಕಾಂಕ್ರೀಟನ್ನೂ ತೆಗೆದುಕೊಂಡು, ಎರಡು ಕಡೆಯ ಬೆಳಕನ್ನು ಬಿಟ್ಟುಬಿಟ್ಟವು. ಆ ಕಟ್ಟಡಗಳಿಗೆ ಬಂದ ಕೆಟ್ಟ ಹೆಸರನ್ನು ಇದರ ತಲೆಗೆ ಕಟ್ಟುವುದು ಅನ್ಯಾಯ.

ನಡುವಿನ ಅಂತಸ್ತುಗಳಲ್ಲಿ ಅಂಗಡಿ ಸಾಲು, ಹೋಟೆಲು ಇವೆ. ಅಲ್ಲಿ ಹೆಚ್ಚು ನಿಲ್ಲದೆ ತಾರಸಿಗೆ ಹೋದೆ. ಹಡಗಿನ ಚಿಮಣಿಯಂಥ ಗಾಳಿಗೂಡುಗಳು, ಓಟದ ಪಥ, ಮಕ್ಕಳು ಆಡುವಷ್ಟೇ ಆಳದ ಕೊಳ, ನರ್ಸರಿ ಶಾಲೆ. ಸುಮಾರು 1,600 ಜನಕ್ಕೆಂದು ಯೋಜಿಸಿದ ಈ ಕಟ್ಟಡದಲ್ಲಿ ಬೆಟ್ಟ, ಕಡಲು ಎರಡೂ ಕಾಣುವ ಅತ್ಯುತ್ತಮ ಜಾಗವನ್ನು ಯಾವ ಶ್ರೀಮಂತನ ಪೆಂಟ್‌ಹೌಸಿಗೂ ಮಾರದೆ ಎಲ್ಲರಿಗೂ, ಅದರಲ್ಲೂ ಮಕ್ಕಳಿಗೆ, ಬಿಟ್ಟುಕೊಟ್ಟಿದ್ದಾರೆ. ನಾನು ನೋಡಿದ ಬೇರಾವ ಅಪಾರ್ಟ್‌ಮೆಂಟಿನಲ್ಲೂ ಹೀಗೆ ಮಾಡಿದ್ದನ್ನು ಕಾಣೆ.