ಕಮಲಾಪುರದ ಮಕ್ಕಳಿಗೆ ಮೈದಾನ ಯಾವ ಲೆಕ್ಕದಲ್ಲಿ?

ಹಂಪಿ ಪಕ್ಕದ ಕಮಲಾಪುರದ ಸರ್ಕಾರಿ ಶಾಲೆಯ ಮಕ್ಕಳಿಗೆ ಮಟ್ಟಸವಾದ ಆಟದ ಮೈದಾನ ಬೇಕು ಅಂದರೆ ಅರ್ಜಿ ಯಾರಿಗೆ ಹಾಕಬೇಕು? ಕಂಪ್ಲಿ ಕಡೆಯ ಹಳ್ಳಿ ಶಾಲೆಯಾದರೆ ಗ್ರಾಮ ಪಂಚಾಯಿತಿಯ ಬಾಗಿಲು ಬಡಿದರಾಯಿತು. ರಾಜ್ಯದ ಎಷ್ಟೋ ಹಳ್ಳಿ ಶಾಲೆಗಳಲ್ಲಿ ನರೇಗಾ ದುಡ್ಡಿನಲ್ಲೇ ಅಂಗಳ ಮಟ್ಟವಾಗಿದೆ, ಖೋಖೋ ಕಂಬಗಳು ಎದ್ದಿವೆ, ಕಬಡ್ಡಿ ಅಂಕಣಕ್ಕೆ ಗೆರೆ ಬಿದ್ದಿದೆ. ಕಮಲಾಪುರಕ್ಕೆ ಆ ದಾರಿ ಇಲ್ಲ. ಊರಿನ ಬದುಕು ಇನ್ನೂ ಬಾಳೆ, ಕಬ್ಬು, ಭತ್ತದ್ದೇ ಆದರೂ ಕಾಗದದಲ್ಲಿ ಅದು ಪಟ್ಟಣ ಪಂಚಾಯಿತಿ, ನರೇಗಾದಂಥ ಗ್ರಾಮೀಣ ಉದ್ಯೋಗ ಖಾತರಿ ಹಳ್ಳಿಗಳಿಗೆ ಮಾತ್ರ. ಇನ್ನು ಪಟ್ಟಣಗಳಲ್ಲಿ ಇಂಥ ಮನವಿಗೆ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ: ಶಾಲೆ ಶಿಕ್ಷಣ ಇಲಾಖೆಯದು, ಅಲ್ಲಿ ಕೇಳಿ. ಇಲಾಖೆಯಲ್ಲಿ ಕೇಳಿದರೆ ಸಮಗ್ರ ಶಿಕ್ಷಣದಲ್ಲಿ ಕ್ರೀಡೆಗೆಂದು ವರ್ಷಕ್ಕೆ ಇರುವುದು ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿ. ಅದರಲ್ಲಿ ಚೆಂಡು, ಬಲೆ, ಹಗ್ಗ ಬರುತ್ತವೆ. ಬಂಡೆ ತೆಗೆಸಿ, ಗರಸು ಹೊಡೆಸಿ, ರೋಲರ್ ಹಾಯಿಸಲು ಆ ದುಡ್ಡು ಎಲ್ಲಿಗೂ ಸಾಲದು.

ಗಡಿನಾಡಿನ ಭಾಷೆಯ ಬದುಕು ಬರೆಯುವ ಅಂಕಣದಲ್ಲಿ ಮೈದಾನದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಈ ಊರಲ್ಲಿ ಕನ್ನಡ ಮಕ್ಕಳ ಬಾಯಿಗೆ ಬರುವ ಜಾಗ ಅದೇ ಎಂಬುದೇ ನನ್ನ ವಾದ. ಒಂದು ಓಣಿಯಲ್ಲಿ ಕನ್ನಡ, ಇನ್ನೊಂದರಲ್ಲಿ ತೆಲುಗು, ಮತ್ತೊಂದರಲ್ಲಿ ಉರ್ದು, ತಾಂಡಾದಿಂದ ಬರುವ ಮಕ್ಕಳದು ಲಂಬಾಣಿ. ತರಗತಿಯಲ್ಲಿ ಇವರೆಲ್ಲ ಕನ್ನಡ ಓದುತ್ತಾರೆ ನಿಜ, 2015ರ ಕನ್ನಡ ಕಲಿಕಾ ಕಾಯ್ದೆಯೂ ಬೆನ್ನಿಗಿದೆ. ಆದರೆ ತರಗತಿಯಲ್ಲಿ ಮಗು ಕೊಡುವ ಉತ್ತರ ಒಂದೆರಡು ಪದದ್ದು, ಅದೂ ಮೇಷ್ಟ್ರು ಕೇಳಿದರೆ. ಕಬಡ್ಡಿಯಲ್ಲಿ ಹಾಗಲ್ಲ. ಗೆರೆ ಮುಟ್ಟಿದೆಯೋ ಇಲ್ಲವೋ ಎಂಬ ಜಗಳ ಹುಟ್ಟಿದ ಕೂಡಲೇ ಮನೆಯಲ್ಲಿ ತೆಲುಗು ಮಾತಾಡುವ ಹುಡುಗ “ನಾ ಮೊದ್ಲ ಗೆರಿ ಮುಟ್ಟೀನಿ, ಅವ ಆಮ್ಯಾಲ ಕಾಲು ಹಿಡದಾನ, ಬೇಕಾದ್ರ ಇವನ್ನ ಕೇಳ್ರಿ” ಎಂದು ಎದುರು ತಂಡದ ಮುಂದೆ ವಾದ ಮಂಡಿಸಲೇಬೇಕು. ಮೊದಲು, ಆಮೇಲೆ, ಬೇಕಾದರೆ. ಸಾಕ್ಷಿ, ಸಮಯ, ಷರತ್ತು ಎಲ್ಲ ಒಂದೇ ಉಸಿರಿನಲ್ಲಿ. ಎದುರಿನ ತಂಡದಲ್ಲಿ ಉರ್ದು ಮನೆಯವನೂ ಲಂಬಾಣಿ ಮನೆಯವನೂ ಇರುವುದರಿಂದ ಎಲ್ಲರಿಗೂ ತಿಳಿಯುವ ಮಾತು ಕನ್ನಡವೊಂದೇ. ಪಠ್ಯಪುಸ್ತಕದ ಯಾವ ಅಭ್ಯಾಸವೂ ಇಷ್ಟು ಕನ್ನಡವನ್ನು ಇಷ್ಟು ಬೇಗ ಹೊರಡಿಸಲಾರದು. ಆಡಲು ಜಾಗವಿಲ್ಲದ ಶಾಲೆಯ ಮಕ್ಕಳು ಗಂಟೆ ಹೊಡೆದ ಮೇಲೆ ತಮ್ಮ ತಮ್ಮ ಓಣಿಗೆ, ತಮ್ಮ ತಮ್ಮ ಮಾತಿಗೆ ಹಿಂದಿರುಗುತ್ತಾರೆ.

ಹಾಗಾದರೆ ತೆಲುಗು ಮನೆಯವರಿಗೆ ಇದು ಬಲವಂತವಲ್ಲವೇ ಎಂಬ ಮಾತೂ ಬರುತ್ತದೆ. ಬರಬೇಕಾದ ಪ್ರಶ್ನೆಯೇ. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರಿಗೆ ಸೇರಿತು, ಅದೇ ವರ್ಷ ತುಂಗಭದ್ರೆಯ ನೀರು ಕಾಲುವೆಗಿಳಿಯಿತು. ಆ ನೀರಿನ ಬೆನ್ನಿಗೆ ಆಂಧ್ರದಿಂದ ಬಂದು ಕ್ಯಾಂಪ್ ಹಾಕಿದ ರೈತರು ಬಯಲನ್ನು ಗದ್ದೆ ಮಾಡಿದ ಕಷ್ಟಜೀವಿಗಳು, ಮಕ್ಕಳ ಓದಿನ ವಿಷಯದಲ್ಲಿ ಮೈಗಳ್ಳತನ ಮಾಡದವರು. ಅವರನ್ನು ನೋಡಿ ನಾವು ಕಲಿಯುವುದೂ ಇದೆ. ಅವರ ಮನೆಮಾತನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಅವರ ಮೊಮ್ಮಗ ಸಂಜೆ ಅಜ್ಜಿಯ ಜೊತೆ ತೆಲುಗಿನಲ್ಲೇ ಹರಟಲಿ, ಆದರೆ ಹುಟ್ಟಿದ ನೆಲದ ಮಾತು ಅವನಿಗೆ ತಡವರಿಸದೆ ಬರಲಿ. ನಾಳೆ ಹೊಸಪೇಟೆಯ ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ನಿಲ್ಲುವವನೂ ಅವನೇ. ಕನ್ನಡದವರಾದ ನಮಗೆ ಇದರಲ್ಲಿ ಸ್ವಾರ್ಥ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕನ್ನಡ ಬಲ್ಲ ನೆರೆಯವರು ಹೆಚ್ಚಿದಷ್ಟೂ ಕನ್ನಡ ಶಾಲೆ ಉಳಿಯುತ್ತದೆ.

ಈಗ ದುಡ್ಡಿನ ಮಾತು. ಗಡಿ ಹೆಸರಿನ ಅನುದಾನವನ್ನು ನಂಬಿ ಕೂರುವಂತಿಲ್ಲ. ಹೊಸಪೇಟೆ ತಾಲ್ಲೂಕು ಆಂಧ್ರದ ಗೆರೆಯನ್ನು ಮುಟ್ಟುವುದಿಲ್ಲ, ಗಡಿಯ ಲೆಕ್ಕ ಹಾಕುವವರು ನಕಾಶೆ ನೋಡುತ್ತಾರೆ, ಶಾಲೆಯಂಗಳದಲ್ಲಿ ಕಿವಿಗೊಟ್ಟು ನಿಲ್ಲುವುದಿಲ್ಲ. ಆದರೆ ಪಟ್ಟಣ ಪಂಚಾಯಿತಿ “ನಮ್ಮ ಕೆಲಸವಲ್ಲ” ಎನ್ನಲು ಕಾನೂನಿನಲ್ಲಿ ಆಸ್ಪದವೇ ಇಲ್ಲ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಿದೆ. ಅದರ 12ನೇ ಬಾಬ್ತಿನಲ್ಲಿ ಉದ್ಯಾನ, ತೋಟಗಳ ಜೊತೆಗೆ ಆಟದ ಮೈದಾನ ಎಂದೇ ಬರೆದಿದೆ. ಅದರ ಮುಂದಿನ ಬಾಬ್ತು ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಅಭಿವೃದ್ಧಿಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲೆಗೆ ಇರಲೇಬೇಕಾದವುಗಳಲ್ಲಿ ಮೈದಾನವನ್ನು ಎಣಿಸಿದೆ. ಪಟ್ಟಣ ಪಂಚಾಯಿತಿಗೆ ಸ್ವಂತ ವರಮಾನ ಸಾಲದು ಎಂಬುದು ನ್ಯಾಯವಾದ ತಕರಾರು. ಅದಕ್ಕೂ ದಾರಿಯಿದೆ. ಗಣಿಗಳ ಅದಿರಿನಿಂದ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗಣಿ ಗುತ್ತಿಗೆಗಳು ರಾಜಧನದ ಶೇ 30ರಷ್ಟು, ಹರಾಜಿನ ಗುತ್ತಿಗೆಗಳು ಶೇ 10ರಷ್ಟು ಕಟ್ಟುತ್ತವೆ. ಆ ನಿಧಿಯ ಆದ್ಯತಾ ವಲಯಗಳಲ್ಲಿ ಶಿಕ್ಷಣ ಒಂದು, ಶಿಕ್ಷಣದೊಳಗೆ ಕ್ರೀಡಾ ಸೌಕರ್ಯವೂ ಸೇರಿದೆ. ಕಲಂ 371ಜೆಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಶಾಲೆಗಳಿಗೆ ಸಲ್ಲುತ್ತದೆ. ಪಟ್ಟಣ ಪಂಚಾಯಿತಿ ತನ್ನ ಬಜೆಟ್ಟಿನಲ್ಲಿ ಸ್ವಲ್ಪ ತೆಗೆದಿಟ್ಟು, ಉಳಿದದ್ದಕ್ಕೆ ಠರಾವು ಮಾಡಿ ಕ್ರಿಯಾ ಯೋಜನೆ ಕಳಿಸಿದರೆ ಕಡತಕ್ಕೆ ತೂಕ ಬರುತ್ತದೆ.

ಶೌಚಾಲಯವೇ ಸರಿಯಿಲ್ಲದ ಕಡೆ ಮೈದಾನ ಯಾಕೆ ಎನ್ನುವವರಿಗೆ ಒಂದೇ ಮಾತು: ಎರಡೂ ಬೇಕು, ಎರಡಕ್ಕೂ ಲೆಕ್ಕ ಶೀರ್ಷಿಕೆ ಬೇರೆ ಬೇರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಂಪಿಯದು. ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅದರ ಮೇಲೆ 2002ರ ಕಾಯ್ದೆಯ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬೇರೆ. ಕಮಲಾಪುರದಲ್ಲಿ ಎಲ್ಲಿ ಅಗೆದರೂ ಹಳೆಯ ಗೋಡೆ, ಕಾಲುವೆ ಸಿಗಬಹುದೆಂಬ ಭಯ ಸುಳ್ಳಲ್ಲ, ಆ ನಿರ್ಬಂಧ ಇರಲೇಬೇಕು. ಆದರೆ ಮಕ್ಕಳು ಕೇಳುತ್ತಿರುವುದು ಸ್ಟೇಡಿಯಂ ಅಲ್ಲ. ನಿಷೇಧಿತ ವಲಯದ ಹೊರಗಿರುವ ಶಾಲಾ ಜಾಗದಲ್ಲಿ, ತಳಪಾಯ ತೋಡದೆ, ಮೇಲಿನಿಂದ ಮಣ್ಣು ತುಂಬಿ ಮಟ್ಟ ಮಾಡಿದ ಬಯಲು ಸಾಕು. ಪರಂಪರೆಗೆ ಇಷ್ಟು ಕಡಿಮೆ ತೊಂದರೆ ಕೊಡುವ ಕಾಮಗಾರಿ ಇನ್ನೊಂದಿಲ್ಲ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಸ್ತಿಯಾಳುಗಳಿದ್ದಾರೆ. ಪೋರ್ಚುಗೀಸ್ ಪ್ರವಾಸಿ ಪೇಸ್ ಇಲ್ಲಿನ ಮಹಾನವಮಿಯ ಕುಸ್ತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಈ ನೆಲದ ಪರಂಪರೆಯಲ್ಲಿ ಆಟವೂ ಸೇರಿದೆ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? 1991ರಲ್ಲಿ ಕನ್ನಡಕ್ಕಾಗಿಯೇ ಒಂದು ವಿಶ್ವವಿದ್ಯಾಲಯವನ್ನು ಇದೇ ನೆರೆಯಲ್ಲಿ ಕಟ್ಟಿದ ನಾಡಿಗೆ, ಕನ್ನಡ ಶಾಲೆಯ ಮಕ್ಕಳಿಗೊಂದು ಬಯಲು ಭಾರವಾಗಬಾರದು.

ನಗರ ಸ್ಥಳೀಯ ಸಂಸ್ಥೆಗಳು ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಆ ಸಭೆಗೆ ಬರಿಗೈಲಿ ಹೋಗಬಾರದು. ಮೊದಲು ಶಾಲಾ ಜಾಗದ ಸರ್ವೆ ನಂಬರ್, ಖಾತೆ ಶಾಲೆಯ ಹೆಸರಿನಲ್ಲಿದೆಯೇ ನೋಡಿಕೊಳ್ಳಿ. ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ಜಾಗವಾದರೆ ಕಡತ ಅಲ್ಲೇ ನಿಲ್ಲುತ್ತದೆ. ಕಿರಿಯ ಎಂಜಿನಿಯರ್ ಕೈಲಿ ಅಂದಾಜು ಪಟ್ಟಿ ಮಾಡಿಸಿ, ಹಂಪಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರಕ್ಕೆ ಮೊದಲೇ ಅರ್ಜಿ ಹಾಕಿ. ಮನವಿಯಲ್ಲಿ ಹನ್ನೆರಡನೇ ಅನುಸೂಚಿಯ 12ನೇ ಬಾಬ್ತನ್ನು ಉಲ್ಲೇಖಿಸಿ, ತೆಲುಗು, ಉರ್ದು, ಲಂಬಾಣಿ ಮನೆಗಳ ಪೋಷಕರಿಂದಲೂ ಸಹಿ ಹಾಕಿಸಿ. ಕೊಟ್ಟ ಮನವಿಗೆ ಮೊಹರು ಬಿದ್ದ ಸ್ವೀಕೃತಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.