ದಡಿ ಕುಣಿದ ಆರು ಕೌದಿ

2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಊರೊಳಗೆ ಬಂದಾಗ ನಾನು ಮೊದಲು ಹೊರಗೆ ಸಾಗಿಸಿದ್ದು ಹೊಲಿಗೆ ಮಷಿನ್ನು. "ಜ್ವಾಳದ ಚೀಲ ಬಿಟ್ಟು ಅದೇನ್ ಹೊತ್ಕೊಂಡು ಹೊಂಟಿ?" ಎಂದು ಅತ್ತೆ ಬೈದರು.

ನಮ್ಮದು ಜೇವರ್ಗಿ ತಾಲ್ಲೂಕಿನ ನದಿದಂಡೆಯ ಹಳ್ಳಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ನೀರು, ಬಿಡದೆ ಸುರಿದ ಮಳೆ ಎರಡೂ ಸೇರಿ ಅಫಜಲಪುರದ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ನಮ್ಮ ಕಡೆ ಇಳಿದಿತ್ತು. ನನ್ನ ತವರು ಆಳಂದ. ಆ ಕಡೆಯಿಂದ ಹರಿದು ಬರುವ ಅಮರ್ಜಾ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. "ನಿನ್ನ ತವರಿನ ನೀರೂ ಬಂದದ ನೋಡು" ಎಂದು ಅತ್ತೆ ಅಂಥ ಹೊತ್ತಿನಲ್ಲೂ ಚುಚ್ಚಿದರು. ಇಬ್ಬರೂ ನಗಲಿಲ್ಲ.

ಐದು ದಿನ ಸಾಲಿಯ ಕಾಳಜಿ ಕೇಂದ್ರದಲ್ಲಿ ಇದ್ದೆವು. ಮರಳಿ ಬಂದಾಗ ಗೋಡೆಯ ಮೇಲೆ ಎದೆಮಟ್ಟ ಕೆಸರಿನ ಗೆರೆ. ಟ್ರಂಕಿನಲ್ಲಿದ್ದ ನಾಲ್ಕು ಕೌದಿ ನೀರು ಕುಡಿದು ಕಲ್ಲಾಗಿದ್ದವು. ಹಳೆಯ ಸೀರೆ, ಧೋತರ ಐದಾರು ಪದರ ಇಟ್ಟು ಹೊಲಿದ ಕೌದಿ ನೆನೆದರೆ ಒಬ್ಬರ ಕೈಗೆ ಏಳುವುದಿಲ್ಲ. ಅತ್ತೆ ಒಂದು ತುದಿ, ನಾನೊಂದು ತುದಿ ಹಿಡಿದು ಹಿಂಡಿದೆವು. ಎಷ್ಟು ಒಗೆದರೂ ಕೆಸರಿನ ವಾಸನೆ ಬಿಡಲಿಲ್ಲ. ಹೊಲದಲ್ಲಿ ತೊಗರಿ ನಿಂತಲ್ಲೇ ಕೊಳೆತಿತ್ತು. ಮನೆಯಲ್ಲಿ ದುಡ್ಡು ತರುವಂಥದ್ದು ಮಷಿನ್ನು ಒಂದೇ ಉಳಿದಿತ್ತು.

ಮಾರನೇ ವರ್ಷ ಕಲಬುರಗಿಯ ವ್ಯಾಪಾರಿಯೊಬ್ಬರು ಹತ್ತು ಕೌದಿ ಕೇಳಿದರು. ಒಂದಕ್ಕೆ 700 ರೂಪಾಯಿ. ನಡುವೆಲ್ಲ ನಮ್ಮದೇ ಕೈಹೊಲಿಗೆ, ಆದರೆ ಸುತ್ತ ನಾಲ್ಕೂ ಕಡೆ ಮೂರು ಇಂಚಿನ ಕೆಂಪು ದಡಿ ಇರಬೇಕು, ಅದು ನೆಟ್ಟಗೆ ಕೂಡಬೇಕು ಎಂದರು. ಕೆಂಪು ಬಟ್ಟೆಯನ್ನೂ ಅವರೇ ಕೊಟ್ಟರು. ಮನೆಯ ಕೌದಿಗೆ ಅಂಚು ಮಡಚಿ ಹೊಲಿದು ಗೊತ್ತು, ದಡಿ ಹಚ್ಚಿ ಗೊತ್ತಿರಲಿಲ್ಲ. ಅದೇನು ಮಹಾ ಎಂದು ಒಪ್ಪಿಕೊಂಡೆ.

ಥಾನಿನಿಂದ ಉದ್ದುದ್ದ ಪಟ್ಟಿ ಕತ್ತರಿಸಿಕೊಂಡು, ಒಂದು ಮೂಲೆಗೆ ಹಿಡಿದು ಮಷಿನ್ ಓಡಿಸಿದೆ. ಇನ್ನೊಂದು ಮೂಲೆ ಬಂದಾಗ ಮಿಕ್ಕಿದ್ದನ್ನು ಕತ್ತರಿಸಿ ಬಿಸಾಕಿದೆ. ಎರಡು ತಿಂಗಳಲ್ಲಿ ಹತ್ತೂ ಮುಗಿದವು. ಹದಿನೈದು ದಿನಕ್ಕೆ ಆರು ವಾಪಸ್ ಬಂದವು. ನೆಲಕ್ಕೆ ಹಾಸಿ ನೋಡಿದೆ. ನಡು ಸಪಾಟು, ದಡಿ ಮಾತ್ರ ಹಪ್ಪಳದ ಅಂಚಿನ ಹಾಗೆ ಅಲೆ ಅಲೆ. ಕೈಯಿಂದ ಒತ್ತಿದರೆ ಇಲ್ಲಿ ಕೂತು ಅಲ್ಲಿ ಏಳುತ್ತಿತ್ತು. ಇಸ್ತ್ರಿ ಹೊಡೆದೆ, ರಾತ್ರಿಯೆಲ್ಲ ಗಾದಿಯ ಕೆಳಗೆ ಇಟ್ಟೆ. ಬೆಳಿಗ್ಗೆ ಮತ್ತೆ ಎದ್ದು ಕೂತಿತ್ತು.

ದಡಿ ಬಿಚ್ಚದೆ ಗತಿ ಇರಲಿಲ್ಲ. ಹಗಲು ಕೂಲಿ, ರಾತ್ರಿ ಬಲ್ಬಿನ ಕೆಳಗೆ ಬ್ಲೇಡು ಹಿಡಿದು ಒಂದೊಂದೇ ಟಾಕಿ ಕತ್ತರಿಸುತ್ತಿದ್ದೆ. ಮೂರನೇ ಕೌದಿಗೆ ಬ್ಲೇಡು ಹೆಬ್ಬೆರಳಿಗೆ ಇಳಿಯಿತು. ಕೆಂಪು ಬಟ್ಟೆಯಾದ್ದರಿಂದ ರಕ್ತ ಎಲ್ಲಿ ತಾಗಿದೆ ಎಂಬುದೂ ತಿಳಿಯಲಿಲ್ಲ. ನಮ್ಮ ಮನೆಯವರು "ಬಿಟ್ಟುಬಿಡು, ನಾವೇ ಹೊಚ್ಕೊಳ್ಳೋಣ" ಎಂದರು. ಆರು ಕೌದಿ ಎಂದರೆ 4,200 ರೂಪಾಯಿ. ಹೇಗೆ ಬಿಡಲಿ?

ಕೊನೆಗೆ ಅಫಜಲಪುರದ ಕಡೆ ಇರುವ ದೊಡ್ಡವ್ವನ ಮನೆಗೆ ಕೌದಿ ಗಂಟು ಹೊತ್ತು ಹೋದೆ. ದೊಡ್ಡವ್ವ ಓದಿದವಳಲ್ಲ, ಇಂಚುಪಟ್ಟಿ ಮಾತ್ರ ಓದುತ್ತಾಳೆ. ಕೌದಿಯನ್ನು ಅಂಗಳದಲ್ಲಿ ಹಾಸಿ ಮೂರು ಕಡೆ ಅಳೆದಳು. ಮೇಲಿನ ಅಂಚು 62 ಇಂಚು, ಕೆಳಗಿನದು ಅರವತ್ತೊಂದೂವರೆ, ನಟ್ಟನಡುವೆ 60.

"ನಡ ಎಷ್ಟದ ಅಷ್ಟೇ ದಡಿ ಕತ್ತರಿಸಬೇಕವ್ವ. ಅಂಚ ಹೇಳಿದ್ ಕೇಳಬ್ಯಾಡ, ಅದು ಎಳದಾಡಿ ಸಡಲಾಗ್ಯದ."

ನಡುವಿನ ಬಟ್ಟೆಯನ್ನು ಒತ್ತೊತ್ತಾದ ಟಾಕಿ ಹಿಡಿದು ಜಗ್ಗಿರುತ್ತದೆ. ಅಂಚಿಗೆ ಆ ಬಿಗಿ ಇಲ್ಲ, ಅದು ಉದ್ದವಾಗುತ್ತಾ ಹೋಗುತ್ತದೆ. ಸಡಿಲಾದ ಅಂಚಿನ ಉದ್ದಕ್ಕೇ ನಾನು ದಡಿ ಕೂಡಿಸಿದ್ದೆ. ಅದು ಕುಣಿಯದೆ ಇನ್ನೇನು ಮಾಡೀತು? ಪಟ್ಟಿಗಳನ್ನೂ ಥಾನಿನ ಅಡ್ಡಕ್ಕೆ ಕತ್ತರಿಸಿದ್ದೆ. ಅಡ್ಡ ಎಳೆ ಜಗ್ಗಿದಷ್ಟೂ ಹಿಗ್ಗುತ್ತದೆ, ಉದ್ದ ಎಳೆ ಅಷ್ಟು ಹಿಗ್ಗುವುದಿಲ್ಲ.

ದೊಡ್ಡವ್ವ ದಡಿಯ ಹೊಸ ಬಟ್ಟೆಯನ್ನು ಮೊದಲು ನೀರಿಗೆ ಹಾಕಿಸಿದಳು. ಕುಗ್ಗುವುದೆಲ್ಲ ಕುಗ್ಗಲಿ, ಬಣ್ಣ ಬಿಡುವುದೆಲ್ಲ ಬಿಡಲಿ ಎಂದು. ಒಣಗಿದ ಮೇಲೆ ಉದ್ದಕ್ಕೆ ಒಂದು ಎಳೆ ಜಗ್ಗಿ ತೆಗೆದು, ಆ ಗೆರೆಯ ಮೇಲೆ ಕತ್ತರಿ ಆಡಿಸಿದಳು. ಎದುರುಬದುರಿನ ಎರಡು ದಡಿಯನ್ನೂ ಒಂದೇ ಅಳತೆಗೆ ಕತ್ತರಿಸಿ, ಮಡಚಿ, ಮತ್ತೆ ಮಡಚಿ ಗುರುತು ಹಾಕಿದಳು. ಕೌದಿಯ ಅಂಚಿಗೂ ಹಾಗೆಯೇ ನಾಲ್ಕು ಪಾಲು. ಗುರುತಿಗೆ ಗುರುತು ಕೂಡಿಸಿ ಐದು ಕಡೆ ಗುಂಡುಪಿನ್ನು ಚುಚ್ಚಿದಳು. ಅಂಚಿನ ಹೆಚ್ಚಿನ ಸಡಿಲು ನಾಲ್ಕೂ ಪಾಲಿಗೆ ಹಂಚಿಹೋಯಿತು. ಮಷಿನ್ನಿಗೆ ಕೊಡುವಾಗ ಕೌದಿ ಕೆಳಗೆ, ದಡಿ ಮೇಲೆ. ಕೆಳಗಿನ ಹಲ್ಲುಗಳು ಸಡಿಲ ಬಟ್ಟೆಯನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ. "ಕೈಲೆ ಜಗ್ಗಬ್ಯಾಡ" ಎಂದು ನನ್ನ ಕೈಮೇಲೆ ಎರಡು ಸಲ ಹೊಡೆದಳು. ಎರಡು ದಡಿ ಕೂತ ಮೇಲೆ, ಅವನ್ನೂ ಸೇರಿಸಿ ಇನ್ನೊಂದು ದಿಕ್ಕಿಗೆ ಮತ್ತೆ ನಟ್ಟನಡುವೆ ಅಳೆದು, ಉಳಿದ ಎರಡನ್ನು ಹಚ್ಚಿದೆವು.

ಅವತ್ತು ಸಂಜೆ ಆ ಕೌದಿಯನ್ನು ನೆಲಕ್ಕೆ ಹಾಸಿದಾಗ ದಡಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ನಾನು ಅದರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಹೊಳೆ ಬಂದಾಗಲೂ ಅತ್ತಿರಲಿಲ್ಲ.

ಉಳಿದ ಐದನ್ನು ಮನೆಯಲ್ಲಿ ಒಂದೂವರೆ ತಿಂಗಳು ಕೂತು ಸರಿಮಾಡಿದೆ. ಆರೂ ಹೋದವು, ದುಡ್ಡು ಬಂತು. ಹೊಸ ಬಟ್ಟೆ, ದಾರ, ಬಸ್ ಚಾರ್ಜು ಕಳೆದರೆ ಕೈಗೆ ಉಳಿದದ್ದು 3,100 ರೂಪಾಯಿ. ಬಿಚ್ಚಿದ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕೌದಿಗೆ ದಡಿ ಹಚ್ಚುವ ಅಕ್ಕತಂಗಿಯರಿಗೆ ಒಂದೇ ಮಾತು: ಹಚ್ಚಿದ ಮೇಲೆ ಕತ್ತರಿಸಬೇಡಿ, ಅಳೆದು ಕತ್ತರಿಸಿ ಆಮೇಲೆ ಹಚ್ಚಿ. ಅಳೆಯುವುದು ನಡುವನ್ನು.