ಮೊದಲು ಮಷಿನ್ ನೋಡಿ, ಆಮೇಲೆ ನೆಕ್ಸ್ಟ್ ಒತ್ತಿ

ಹಾಸ್ಟೆಲ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋದು ಅಂದ್ರೆ ನಮಗೆಲ್ಲ ಒಂದೇ ಮಂತ್ರ: ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ಫಿನಿಶ್. ಆಗಲಿಲ್ಲ ಅಂದ್ರೆ ಅನ್‌ಇನ್‌ಸ್ಟಾಲ್, ಅದೂ ಆಗಲಿಲ್ಲ ಅಂದ್ರೆ ಫಾರ್ಮ್ಯಾಟ್. ಹೋಗೋದು ಹೆಚ್ಚೆಂದರೆ ಒಂದು ರಾತ್ರಿಯ ನಿದ್ದೆ, ನಾಲ್ಕು ಸಿನಿಮಾ. ಆ ಕಂಪನಿಯವರು ಪಾಪ ಕಷ್ಟಪಟ್ಟು ಬರೆದಿಟ್ಟ 'ಸಿಸ್ಟಮ್ ರಿಕ್ವೈರ್‌ಮೆಂಟ್ಸ್' ಅನ್ನೋ ಪುಟವನ್ನು ಓದುವವರು ನಮ್ಮ ಬ್ಯಾಚಿನಲ್ಲಿ ಗೇಮ್ ಆಡುವವರು ಮಾತ್ರ. ಅವರಿಗೆ ಗ್ರಾಫಿಕ್ಸ್ ಕಾರ್ಡಿನ ಚಿಂತೆ.

ಸರ್ವರ್ ಸಾಫ್ಟ್‌ವೇರ್ ವಿಷಯ ಹಾಗಲ್ಲ. ಅದರೊಳಗೆ ಇರೋದು ನಮ್ಮ ಸಿನಿಮಾ ಅಲ್ಲ, ಬೇರೆಯವರ ಹೆಸರು, ಬೇರೆಯವರ ದುಡ್ಡು. ಇದು ನಮಗೆ ಕ್ಲಾಸಿಗಿಂತ ಚೆನ್ನಾಗಿ ಅರ್ಥವಾದದ್ದು ಕೆರೆಬಿಳಚಿ ಸುತ್ತಿನ ಒಂದು ಸಣ್ಣ ಸಹಕಾರ ಸಂಘದಲ್ಲಿ. ನಾವು ನಾಲ್ವರು ಫೈನಲ್ ಇಯರ್ ಪ್ರಾಜೆಕ್ಟಿಗೆ ಅಂತ ಅಲ್ಲಿಗೆ ಓಡಾಡಿದ್ವಿ. ನಮ್ಮಲ್ಲೊಬ್ಬನ ಊರು ಅದೇ ಸೀಮೆ. ಅವನ ಅಮ್ಮ ಅದೇ ಸಂಘದಲ್ಲಿ ದಿನಕ್ಕಿಷ್ಟು ಅಂತ ಪಿಗ್ಮಿ ಕಟ್ಟುತ್ತಾರೆ. ಅವನ ಕೊನೆಯ ಸೆಮಿಸ್ಟರ್ ಫೀಸು ಆ ಪಿಗ್ಮಿಯಲ್ಲೇ ಇತ್ತು.

ಸಂಘದಲ್ಲಿ ಪಿಗ್ಮಿ ಖಾತೆ ಸುಮಾರು 600. ಅಂಗಡಿಯವರು, ಮೀನು ಮಾರುವವರು, ಹೂವಿನವರು, ಅಡಿಕೆ ಸುಲಿಯಲು ಹೋಗುವ ಹೆಂಗಸರು. ಜೊತೆಗೆ ಗೊಬ್ಬರದ ಸಾಲದ ಲೆಕ್ಕ. ಇಷ್ಟೂ ಕೂತಿದ್ದದ್ದು ಒಂದು ಕೋರ್ 2 ಡ್ಯುಯೋ ಕಂಪ್ಯೂಟರಿನಲ್ಲಿ. ರ್‍ಯಾಮ್ 4 ಜಿಬಿ, ವಿಂಡೋಸ್ 7. ಫ್ಯಾನ್ ಶಬ್ದ ಮಾಡಿದರೆ ಕಾರ್ಯದರ್ಶಿಗಳು ಮೇಲೆ ಒಂದು ಏಟು ಕೊಡುತ್ತಿದ್ದರು, ಸುಮ್ಮನಾಗುತ್ತಿತ್ತು.

ಫೆಬ್ರವರಿಯಲ್ಲಿ ಒಬ್ಬ ಮಾರಾಟಗಾರರು ಬಂದು ದೊಡ್ಡ ಎಂಟರ್‌ಪ್ರೈಸ್ ಸಾಫ್ಟ್‌ವೇರ್ ತೋರಿಸಿ ಹೋಗಿದ್ದರು. ಮಾರ್ಚ್ 31ರೊಳಗೆ ಹಾಕಿಸಿಕೊಂಡರೆ ರಿಯಾಯಿತಿ. "ಇದೇ ಮಷಿನ್‌ಗೆ ಆಗ್ತದೆ, 4 ಜಿಬಿ ರ್‍ಯಾಮ್ ಸೇರಿಸಿದ್ರೆ ಸಾಕು" ಅಂದಿದ್ದರಂತೆ. ಕಾರ್ಯದರ್ಶಿಗಳು ನಮ್ಮನ್ನು ಕರೆದದ್ದು ಸಲಹೆ ಕೇಳಲಿಕ್ಕಲ್ಲ. "ಹೆಂಗೂ ಇಂಜಿನಿಯರಿಂಗ್ ಓದ್ತೀರಲ್ಲ, ಹಾಕ್ಕೊಟ್ಟು ಹೋಗ್ರಪಾ" ಅಂದರು.

ನಾವು ಒಂದು ಬಿಳಿ ಹಾಳೆ ತೆಗೆದುಕೊಂಡು ಎರಡು ಕಾಲಮ್ ಎಳೆದೆವು. ಎಡಕ್ಕೆ 'ಏನು ಬೇಕು', ಬಲಕ್ಕೆ 'ಏನಿದೆ'.

ಇಲ್ಲಿ ಮೊದಲು ತಿಳಿಯಬೇಕಾದದ್ದು, ಬೇಡಿಕೆ ಒಂದೇ ಇರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಸಾಫ್ಟ್‌ವೇರ್ ಒಂದು ಡೇಟಾಬೇಸ್ ಕೇಳುತ್ತದೆ, ಡೇಟಾಬೇಸ್ ಒಂದು ಆಪರೇಟಿಂಗ್ ಸಿಸ್ಟಮ್ ಕೇಳುತ್ತದೆ, ಆಪರೇಟಿಂಗ್ ಸಿಸ್ಟಮ್ ಒಂದು ಪ್ರೊಸೆಸರ್ ಕೇಳುತ್ತದೆ. ಈ ಸಾಫ್ಟ್‌ವೇರಿಗೆ ಬೇಕಿದ್ದದ್ದು ಎಸ್‌ಕ್ಯೂಎಲ್ ಸರ್ವರ್ 2022. ಅದು ಸರ್ವರ್ ಕಡೆ ವಿಂಡೋಸ್ ಸರ್ವರ್ 2016 ಅಥವಾ ಅದಕ್ಕಿಂತ ಹೊಸದನ್ನು ಕೇಳುತ್ತದೆ. ಅಂದ ಮೇಲೆ "ಹಳೇ 2012 ಆರ್2 ಸಿಡಿ ಐತೆ, ಅದನ್ನೇ ಹಾಕಿ" ಅನ್ನೋ ದಾರಿ ಅಲ್ಲೇ ಮುಚ್ಚಿತು. ಮುಚ್ಚದಿದ್ದರೂ ಹಾಕುವ ಹಾಗಿರಲಿಲ್ಲ. 2012 ಆರ್2ಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ.

ಸರಿ, ವಿಂಡೋಸ್ ಸರ್ವರ್ 2022 ಹಾಕೋಣ ಅಂದ್ರೆ ಅದರ ಅಧಿಕೃತ ಪಟ್ಟಿಯಲ್ಲಿ ಏನಿದೆ? 1.4 ಗಿಗಾಹರ್ಟ್ಸ್ ಪ್ರೊಸೆಸರ್, ಡೆಸ್ಕ್‌ಟಾಪ್ ಸಹಿತವಾದರೆ 2 ಜಿಬಿ ರ್‍ಯಾಮ್, 32 ಜಿಬಿ ಡಿಸ್ಕ್. ಇಷ್ಟನ್ನೇ ಓದಿದರೆ ಯಾರಿಗಾದರೂ ನಮ್ಮ ಹಳೇ ಕೋರ್ 2 ಡ್ಯುಯೋ ಪಾಸ್ ಅನ್ನಿಸುತ್ತದೆ. ಅದೇ ಪಟ್ಟಿಯ ಕೆಳಗಿನ ಸಾಲಿನಲ್ಲಿ ಪ್ರೊಸೆಸರ್ ಸೆಕೆಂಡ್ ಲೆವೆಲ್ ಅಡ್ರೆಸ್ ಟ್ರಾನ್ಸ್‌ಲೇಶನ್ ಬೆಂಬಲಿಸಬೇಕು ಅಂತಿದೆ. ಇಂಟೆಲ್ ಭಾಷೆಯಲ್ಲಿ ಇಪಿಟಿ. ಕೋರ್ 2 ಡ್ಯುಯೋ ಪೀಳಿಗೆಯಲ್ಲಿ ಅದಿಲ್ಲ. ಇನ್ನೂ ಹೊಸ ಸರ್ವರ್ 2025 ಅಂತೂ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಅನ್ನೋ ಸೂಚನೆಗಳನ್ನೂ ಕೇಳುತ್ತದೆ; ಅವೂ ಇದರಲ್ಲಿಲ್ಲ. ಕೋರ್‌ಇನ್ಫೋ ಅನ್ನೋ ಪುಟ್ಟ ಟೂಲ್ ಓಡಿಸಿದೆವು. ಅದು ಸಾಲಿನ ಮುಂದೆ ನಕ್ಷತ್ರ ಹಾಕಿದರೆ ಇದೆ ಅಂತ, ಅಡ್ಡಗೆರೆ ಹಾಕಿದರೆ ಇಲ್ಲ ಅಂತ. ಮೂರೂ ಕಡೆ ಅಡ್ಡಗೆರೆ ಬಂತು.

ರ್‍ಯಾಮ್ ಸೇರಿಸಬಹುದು, ಡಿಸ್ಕ್ ಬದಲಿಸಬಹುದು. ಪ್ರೊಸೆಸರಿನಲ್ಲೇ ಇಲ್ಲದ ಸೂಚನೆಯನ್ನು ಯಾವ ಅಂಗಡಿಯಲ್ಲೂ ಕೊಂಡು ತುಂಬಿಸೋಕೆ ಆಗೋದಿಲ್ಲ. ಲಿನಕ್ಸ್ ಆದ್ರೆ ನಡೀತದೆ ಅಂತ ಹೇಳೋ ಗೆಳೆಯರಿಗೂ ಒಂದು ಮಾತು: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಕೇಳುತ್ತದೆ, 10 ಬಂದ ಮೇಲೆ ವಿ3. ಮಾಂಗೋಡಿಬಿ 5.0ರಿಂದ ಎವಿಎಕ್ಸ್ ಬೇಕು. ಲ್ಯಾಬಿನ ಮೂಲೆಯ ಹಳೇ ಮಷಿನ್‌ನಲ್ಲಿ ಪ್ರಾಜೆಕ್ಟ್ ಡೆಮೊ ಕೊಡ್ತೀವಿ ಅನ್ನುವವರು ಮೊದಲು ಎಲ್‌ಎಸ್‌ಸಿಪಿಯು ಅಂತ ಟೈಪ್ ಮಾಡಿ ಫ್ಲ್ಯಾಗ್ಸ್ ಸಾಲನ್ನು ಓದಿ.

ಎರಡನೆಯದು ಅಳತೆ. 'ಕನಿಷ್ಠ' ಅಂದ್ರೆ ಇನ್‌ಸ್ಟಾಲರ್ ಒಪ್ಪುವಷ್ಟು. ನಮ್ಮ ಕೆಲಸಕ್ಕೆ ಎಷ್ಟು ಬೇಕು ಅನ್ನೋದನ್ನು ನಾವೇ ಗುಣಿಸಬೇಕು. 600 ಖಾತೆ, ವರ್ಷಕ್ಕೆ 300 ದಿನ, 1,80,000 ನಮೂದು. ಹತ್ತು ವರ್ಷಕ್ಕೆ 18 ಲಕ್ಷ. ಒಂದಕ್ಕೆ 200 ಬೈಟ್ ಹಿಡಿದರೆ 360 ಎಂಬಿ. ಇಂಡೆಕ್ಸ್‌ಗೆ ಅಂತ ಅಷ್ಟೇ ಸೇರಿಸಿದರೂ ಒಂದು ಜಿಬಿ ದಾಟೋದಿಲ್ಲ. ಎಸ್‌ಕ್ಯೂಎಲ್ ಸರ್ವರ್ 2022ರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯೇ ಒಂದು ಡೇಟಾಬೇಸಿಗೆ 10 ಜಿಬಿವರೆಗೆ ಬಿಡುತ್ತದೆ. ಮಾರಾಟಗಾರರ ಕೊಟೇಶನ್‌ನಲ್ಲಿ ಇದ್ದದ್ದು ದುಡ್ಡು ಕೊಡುವ ಸ್ಟ್ಯಾಂಡರ್ಡ್ ಆವೃತ್ತಿ. ಪಟ್ಟಿ ಓದುವುದು ಏನು ಕೊಳ್ಳಬೇಕು ಅಂತ ತಿಳಿಯಲಿಕ್ಕೆ ಮಾತ್ರ ಅಲ್ಲ, ಏನು ಬೇಡ ಅಂತ ತಿಳಿಯಲಿಕ್ಕೂ ಹೌದು.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿತ್ತು. ಡೆಮೊದಲ್ಲಿ ಪ್ರತಿ ಓಚರನ್ನೂ ಸ್ಕ್ಯಾನ್ ಮಾಡಿ ಡೇಟಾಬೇಸ್ ಒಳಗೇ ಇಡುವುದನ್ನು ತೋರಿಸಿದ್ದರು. ದಿನಕ್ಕೆ 100 ಓಚರ್, ಒಂದಕ್ಕೆ 300 ಕೆಬಿ, ದಿನಕ್ಕೆ 30 ಎಂಬಿ. 300 ದಿನಕ್ಕೆ 9 ಜಿಬಿ. ಅಂದ್ರೆ ಎರಡನೇ ವರ್ಷದ ಆರಂಭದಲ್ಲೇ 10 ಜಿಬಿ ಮಿತಿ ಮುಟ್ಟಿ, ಒಂದು ಬೆಳಿಗ್ಗೆ ಹೊಸ ನಮೂದು ಹತ್ತೋದೇ ಇಲ್ಲ. ಸ್ಕ್ಯಾನ್‌ಗಳನ್ನು ಹೊರಗೆ ಫೋಲ್ಡರಿನಲ್ಲಿಟ್ಟು, ಡೇಟಾಬೇಸಿನಲ್ಲಿ ಅದರ ವಿಳಾಸ ಮಾತ್ರ ಇಟ್ಟರೆ ಈ ತೊಂದರೆ ಇಲ್ಲ. ಬ್ಯಾಕಪ್ ಡಿಸ್ಕಿಗೆ ಆ 9 ಜಿಬಿಯ ಲೆಕ್ಕ ಹಿಡಿದರಾಯಿತು.

ಈ ಲೆಕ್ಕವನ್ನು ಕಾರ್ಯದರ್ಶಿಗಳಿಗೆ ಹೇಳುವಾಗ ಜಿಬಿ, ಎಂಬಿ ಯಾವುದೂ ನಡೆಯಲಿಲ್ಲ. ನಡೆದದ್ದು ಪಕ್ಕದಲ್ಲೇ ಇರುವ ಸೂಳೆಕೆರೆ. ಶಾಂತವ್ವ ಕಟ್ಟಿಸಿದಳೆಂದು ಜನ ನಂಬುವ ಆ ಕೆರೆಯ ಏರಿ, ಕೆರೆಯ ಗಾತ್ರಕ್ಕೆ ಹೋಲಿಸಿದರೆ ಗಿಡ್ಡ. ಎರಡು ಗುಡ್ಡ ಹತ್ತಿರ ಬರುವ ಕಡೆಯೇ ಕಟ್ಟೆ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ್ದಾರೆ. ನೀರು ಬಿಡಲಿಕ್ಕೆ ಸಿದ್ದನಾಲೆ, ಬಸವನಾಲೆ ಅಂತ ಎರಡು ತೂಬು. "ಎಷ್ಟು ನೀರು ಬರ್ತದೆ, ಎಲ್ಲಿ ನಿಲ್ತದೆ, ಎಲ್ಲಿಂದ ಹೋಗ್ತದೆ ಅಂತ ನೋಡದೇ ಏರಿ ಕಟ್ಟಿದ್ರೆ ಏನಾಗ್ತಿತ್ತು ಹೇಳ್ರಿ" ಅಂತ ನಮ್ಮ ಗೆಳೆಯ ಕೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಳಿನ ಲೆಕ್ಕ ಬಿಟ್ರಲ್ಲ" ಅಂದರು. ಸ್ಕ್ಯಾನ್‌ಗಳೇ ಹೂಳು ಅಂತ ನಾವು ಹೇಳಿದೆವು. ಅಲ್ಲಿಂದ ಮುಂದೆ ಅವರೂ ಹಾಳೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

ಕೂತದ್ದು ಒಳ್ಳೆಯದಾಯಿತು. ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲದ ಮೂರು ಸಾಲನ್ನು ಅವರೇ ಬರೆಸಿದರು. ಒಂದು, ಪಾಸ್‌ಬುಕ್ ಪ್ರಿಂಟರ್. ಅದರದ್ದು ಹಳೇ ಪ್ಯಾರಲಲ್ ಪೋರ್ಟ್. ಹೊಸ ಮಷಿನ್‌ಗಳಲ್ಲಿ ಆ ತೂತೇ ಇರೋದಿಲ್ಲ. ಎರಡು, ಕರೆಂಟು. ಯುಪಿಎಸ್ ಎಷ್ಟು ಹೊತ್ತು ನಿಲ್ತದೆ ಅಂತ ವೈರ್ ಕಿತ್ತು ಗಡಿಯಾರ ನೋಡಿದೆವು, 7 ನಿಮಿಷ. ಬರೆಯುತ್ತಿರುವಾಗಲೇ ಡೇಟಾಬೇಸಿನ ಉಸಿರು ನಿಂತರೆ ಆಗುವ ಗಾಯ ಎಂಥದ್ದು ಅಂತ ಡಿಬಿಎಂಎಸ್ ಓದಿದವರಿಗೆ ಗೊತ್ತು. ಬ್ಯಾಟರಿ ಬದಲಿಸಬೇಕು, ಚಾರ್ಜ್ ಇಳಿದಾಗ ಸರ್ವರ್ ತಾನಾಗೇ ಶಟ್‌ಡೌನ್ ಆಗಬೇಕು ಅಂತ ಬರೆದುಕೊಂಡೆವು.

ಮೂರನೆಯದು ಕನ್ನಡ. ಹಳೇ ಸಾಫ್ಟ್‌ವೇರಿನಲ್ಲಿ ಸದಸ್ಯರ ಹೆಸರುಗಳೆಲ್ಲ ನುಡಿಯ ಹಳೇ ಫಾಂಟ್ ಸಂಕೇತದಲ್ಲಿದ್ದವು, ಯೂನಿಕೋಡ್ ಅಲ್ಲ. ಫಾಂಟ್ ಇದ್ದರೆ ಅದು ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗಲಿಬಿಲಿ. ಡೇಟಾದ ಒಂದು ಪ್ರತಿಯಿಂದ ಇಪ್ಪತ್ತು ಸಾಲು ತೆಗೆದು, ಯೂನಿಕೋಡಿಗೆ ತಿರುಗಿಸಿ, ಮಾರಾಟಗಾರರ ಡೆಮೊ ಆವೃತ್ತಿಗೆ ನಮ್ಮ ಲ್ಯಾಪ್‌ಟಾಪಿನಲ್ಲಿ ತುಂಬಿ ನೋಡಿದೆವು. ಹೆಸರಿನ ಕಾಲಮ್ ಎನ್‌ವಾರ್‌ಚಾರ್ ಆಗಿರದೆ ಬರೀ ವಾರ್‌ಚಾರ್ ಆಗಿತ್ತು, ಯೂನಿಕೋಡ್ ಒಪ್ಪದ ಕೊಲೇಶನ್. ಪರದೆಯ ಮೇಲೆ ಖಾತೆ ಸಂಖ್ಯೆ ಸರಿ, ಮೊತ್ತ ಸರಿ, ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ದುರ್ಗಮ್ಮನೂ ಅದೇ, ಫಾತಿಮಾನೂ ಅದೇ, ಧರ್ಮಪ್ಪನೂ ಅದೇ.

ಕಾರ್ಯದರ್ಶಿಗಳು ಆ ಪರದೆಯನ್ನು ತುಂಬಾ ಹೊತ್ತು ನೋಡಿದರು. "ಈ ದುಡ್ಡು ಯಾರದ್ದು ಅಂತ ಯಾರನ್ನ ಕೇಳೋದು?" ಅಂದರು. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆದ ಹೆಸರು ಮತ್ತೆ ಹಿಂದಕ್ಕೆ ಬರೋದಿಲ್ಲ, ಹಳೇ ಪ್ರತಿ ಇದ್ದರೆ ಮಾತ್ರ ಉಂಟು. ನಮ್ಮ ಗೆಳೆಯ ಆ ಇಪ್ಪತ್ತರಲ್ಲಿ ತನ್ನ ಅಮ್ಮನ ಖಾತೆ ಸಂಖ್ಯೆ ಇದೆಯಾ ಅಂತ ಹುಡುಕುತ್ತಿದ್ದ. ಇತ್ತು.

ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಸಭೆ ಸೇರಿತು. ರಿಯಾಯಿತಿ ಕೈತಪ್ಪುತ್ತದೆ ಅಂತ ಒಬ್ಬ ನಿರ್ದೇಶಕರಿಗೆ ಸಿಟ್ಟು. "ಹುಡುಗರ ಮಾತು ಕೇಳಿ ಕೂತ್ರೆ ಊರು ಮುಂದೆ ಬರಲ್ಲ" ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು. ಹಳೇ ಮಷಿನ್ ಇವತ್ತೋ ನಾಳೆಯೋ ಅನ್ನೋ ಸ್ಥಿತಿ. ನಾವು ಬೇಡ ಅನ್ನಲಿಲ್ಲ, ಹಾಳೆಯನ್ನು ಮೇಜಿನ ಮೇಲಿಟ್ಟು ಸಾಲು ಸಾಲಾಗಿ ಓದಿದೆವು. ವರ್ಷದ ಲೆಕ್ಕ ಮುಗಿಸುವ ವಾರದಲ್ಲಿ ಸರ್ವರ್ ಬದಲಿಸುವುದು ಬೇಡ, ಏಪ್ರಿಲ್ ದಾಟಲಿ ಅಂದೆವು. ಅಲ್ಲಿವರೆಗೆ ಹಳೇ ಡೇಟಾದ ಪ್ರತಿ ದಿನಾ ಸಂಜೆ ಎರಡು ಪೆನ್‌ಡ್ರೈವಿಗೆ ಹೋಗಲಿ, ಒಂದು ಪೆನ್‌ಡ್ರೈವ್ ಕಚೇರಿಯ ಹೊರಗೆ ಇರಲಿ ಅಂದೆವು. ಬಹುಮತಕ್ಕೆ ಅದು ಒಪ್ಪಿಗೆಯಾಯಿತು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತನ್ನ ಗ್ರಾಹಕರ ಲೆಕ್ಕವನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿತು. ಡೇಟಾ ಸರಿಯಾಗೇ ಹೋಯಿತು, ಅದನ್ನು ಹೊರಬೇಕಾದ ವ್ಯವಸ್ಥೆ ತಡೆಯಲಿಲ್ಲ. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಹಾಕಿದ ದಂಡ 4.86 ಕೋಟಿ ಪೌಂಡಿಗೂ ಹೆಚ್ಚು. ಇನ್ನೊಂದು ಕಡೆ ನಮ್ಮದೇ ರಾಜ್ಯದ ಭೂಮಿ ಯೋಜನೆ ನೋಡಿ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಗಿನ ನೆಟ್‌ವರ್ಕ್ ನಂಬುವ ಹಾಗಿರಲಿಲ್ಲ, ತಾಲ್ಲೂಕು ಕಚೇರಿಗಳಲ್ಲೇ ಸರ್ವರ್ ಇಟ್ಟರು. ಸಂಪರ್ಕ ಸುಧಾರಿಸಿದ ಮೇಲೆ ರಾಜ್ಯದ ಡೇಟಾ ಸೆಂಟರಿಗೆ ತಂದರು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದಾಗಲೂ ಸಾಫ್ಟ್‌ವೇರ್ ಜೊತೆಗೆ ಯಂತ್ರದ ಖರ್ಚನ್ನೂ ಸೇರಿಸಿತ್ತು.

ಮೇ ತಿಂಗಳಲ್ಲಿ ಸಂಘಕ್ಕೆ ಹೊಸ ಮಷಿನ್ ಬಂತು. 16 ಜಿಬಿ ರ್‍ಯಾಮ್, ಒಂದರ ಪ್ರತಿ ಇನ್ನೊಂದರಲ್ಲಿರುವ ಹಾಗೆ ಎರಡು ಎಸ್‌ಎಸ್‌ಡಿ, ಪ್ರಿಂಟರಿಗೆ ಪ್ಯಾರಲಲ್ ಪೋರ್ಟ್ ಕಾರ್ಡ್. ಸ್ಟ್ಯಾಂಡರ್ಡ್ ಲೈಸೆನ್ಸ್ ಬೇಡವಾದ್ದರಿಂದ ಉಳಿದ ದುಡ್ಡು ಇದಕ್ಕೆ ಬಹುಮಟ್ಟಿಗೆ ಸಾಕಾಯಿತು. ಹೆಸರಿನ ಕಾಲಮ್‌ಗಳನ್ನು ಮಾರಾಟಗಾರರೇ ಎನ್‌ವಾರ್‌ಚಾರ್‌ಗೆ ಬದಲಿಸಿಕೊಟ್ಟರು. ಯೂನಿಕೋಡಿಗೆ ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಕೆಟ್ಟ ಹೆಸರುಗಳನ್ನು ನಾವು ನಾಲ್ವರೂ ಕಾರ್ಯದರ್ಶಿಗಳೂ ಮೂರು ಸಂಜೆ ಕೂತು ಪಾಸ್‌ಬುಕ್ ಜೊತೆ ತಾಳೆ ನೋಡಿ ತಿದ್ದಿದೆವು. ಒಂದು ತಿಂಗಳು ಹಳೇದು, ಹೊಸದು ಎರಡೂ ಒಟ್ಟಿಗೆ ನಡೆದವು. ಸಂಜೆಯ ಮೊತ್ತ ಎರಡರಲ್ಲೂ ಒಂದೇ ಬಂದ ಮೇಲೆ ಹಳೇದನ್ನು ನಿಲ್ಲಿಸಿದರು. ಗೆಳೆಯನ ಫೀಸು ಜೂನ್‌ನಲ್ಲಿ ಕಟ್ಟಿದ್ದಾಯಿತು.

ಪ್ರಾಜೆಕ್ಟ್ ಸೀಸನ್ ಮತ್ತೆ ಬಂದಿದೆ. ಊರಿನ ಆಸ್ಪತ್ರೆಗೋ, ಶಾಲೆಗೋ, ಡೇರಿಗೋ ಏನಾದರೂ ಮಾಡಿಕೊಡಲು ನಿಮ್ಮಲ್ಲಿ ಕೆಲವರು ಹೋಗುತ್ತೀರಿ. ಹೋಗುವಾಗ ಬಿಳಿ ಹಾಳೆ ಒಯ್ಯಿರಿ. ಎಡಕ್ಕೆ ಏನು ಬೇಕು, ಬಲಕ್ಕೆ ಏನಿದೆ. ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಆಪರೇಟಿಂಗ್ ಸಿಸ್ಟಮ್, ಬೆಂಬಲ ಮುಗಿಯುವ ದಿನಾಂಕ, ಹತ್ತು ವರ್ಷದ ಡೇಟಾ, ಕರೆಂಟು, ಪ್ರಿಂಟರು, ಕನ್ನಡ. ಕೊನೆಯ ಮೂರನ್ನು ಅಲ್ಲಿ ದಿನಾ ಕೆಲಸ ಮಾಡುವವರ ಬಾಯಿಂದಲೇ ಕೇಳಿ ಬರೆಯಿರಿ. ನಮ್ಮ ಹಾಳೆ ಈಗ ಸಂಘದ ಮೇಜಿನ ಗಾಜಿನ ಕೆಳಗಿದೆ. ಅದರ ಕೊನೆಯ ಸಾಲಿನಲ್ಲಿ ವಿಂಡೋಸ್ ಸರ್ವರ್ 2022ರ ಬೆಂಬಲ ಮುಗಿಯುವ ದಿನ ಬರೆದಿದ್ದೇವೆ: 2031ರ ಅಕ್ಟೋಬರ್ 14. ಅಷ್ಟು ಹೊತ್ತಿಗೆ ನಾವು ಎಲ್ಲಿರ್ತೀವೋ ಗೊತ್ತಿಲ್ಲ. ಆ ದಿನಾಂಕವನ್ನು ಕಾರ್ಯದರ್ಶಿಗಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಒಂದು ವರ್ಷ ಮೊದಲೇ ಕೊಟೇಶನ್ ತರಿಸಬೇಕು ಅಂತ ಪಕ್ಕದಲ್ಲಿ ಬರೆದುಕೊಂಡಿದ್ದಾರೆ.